ತಾರೀಖೇ ಹೀರೋ... ತಾರೀಖೇ ವಿಲನ್!

ಚಿತ್ರ ತೆಗೆಯಲು ದುಡ್ಡಿದ್ದರೆ ಸಾಕು. ಬಿಡುಗಡೆ ಮಾಡಲು ಗುಂಡಿಗೆ ಬೇಕು! ಯಾವ ಶುಕ್ರವಾರ ಡಬ್ಬಾ ಬಿಚ್ಚಬೇಕು, ಎದುರಿಗೆ ಯಾರಿದ್ದಾರೆ, ಹಬ್ಬವೋ, ಪರೀಕ್ಷೆಯೋ, ಮಳೆಯೋ... ಇದನ್ನೆಲ್ಲ ಲೆಕ್ಕ ಹಾಕುತ್ತ ಎಷ್ಟು ನಿರ್ಮಾಪಕರ ತಲೆಗೂದಲು ಉದುರಿದೆಯೋ, ಆ ಗಾಂಧೀನಗರಕ್ಕೇ ಗೊತ್ತು!

'ಕೆ.ಜಿ.ಎಫ್. ಚಾಪ್ಟರ್ 2' ನೆನಪಿಸಿಕೊಳ್ಳಿ. ಮೊದಲು 2020ರ ಅಕ್ಟೋಬರ್ 23 ಅಂದರು. ಕೊರೊನಾ ಅಡ್ಡ ಬಂತು. ಆಮೇಲೆ 2021ರ ಜುಲೈ 16 ಅಂದರು. ಅದೂ ಹೋಯಿತು. ಕೊನೆಗೆ ಬಂದದ್ದು 2022ರ ಏಪ್ರಿಲ್ 14, ಗುರುವಾರ. ಅಂದು ಅಂಬೇಡ್ಕರ್ ಜಯಂತಿ, ಮರುದಿನ ಗುಡ್ ಫ್ರೈಡೆ, ಹಿಂದೆಯೇ ಶನಿವಾರ, ಭಾನುವಾರ. ಸಾಲಾಗಿ ನಾಲ್ಕು ದಿನ! ಅದೇ ತಾರೀಖಿಗೆ ಬರಬೇಕಿದ್ದ ಆಮೀರ್ ಖಾನರ 'ಲಾಲ್ ಸಿಂಗ್ ಚಡ್ಡಾ' ದಾರಿ ಬಿಟ್ಟು ಆಗಸ್ಟ್ 11ಕ್ಕೆ ಸರಿಯಿತು. ತಮಿಳಿನ ವಿಜಯ್ ಒಂದು ದಿನ ಮುಂಚೆಯೇ 'ಬೀಸ್ಟ್' ಹಿಡಿದು ಬಂದರು. ಆದರೂ ರಾಕಿಯ ನಾಗಾಲೋಟ ನಿಲ್ಲಲಿಲ್ಲ. ಗಳಿಕೆ ಸಾವಿರ ಕೋಟಿ ದಾಟಿತು.

ಅದೇ ತಾರೀಖು ಮುನಿದರೆ? ಪುನೀತ್ ರಾಜ್‌ಕುಮಾರ್ ಅವರ 'ಯುವರತ್ನ' 2021ರ ಏಪ್ರಿಲ್ 1ಕ್ಕೆ ತೆರೆ ಕಂಡಿತು. ಮರುದಿನವೇ ಥಿಯೇಟರಿನಲ್ಲಿ ಅರ್ಧ ಸೀಟಷ್ಟೇ ತುಂಬಬೇಕೆಂದು ಸರ್ಕಾರದ ಆದೇಶ! ಚಿತ್ರರಂಗದವರು ಹೋಗಿ ಕೇಳಿಕೊಂಡ ಮೇಲೆ ಏಪ್ರಿಲ್ 7ರವರೆಗೆ ಉಸಿರು ಸಿಕ್ಕಿತು. 9ನೇ ತಾರೀಖು ಚಿತ್ರ ಅಮೆಜಾನ್ ಪ್ರೈಮಿಗೇ ಬಂದುಬಿಟ್ಟಿತು. ಚಿತ್ರದ ತಪ್ಪೇನು? ಏನೂ ಇಲ್ಲ. ತಾರೀಖು ಕೈ ಕೊಟ್ಟಿತು, ಅಷ್ಟೆ.

ಹೂಡಿ ಹುಡುಗರ ಲೆಕ್ಕ

ಈ ತಾರೀಖಿನ ಆಟ ಸಿನಿಮಾಕ್ಕೆ ಮಾತ್ರ ಅಂದುಕೊಂಡಿರಾ? ಹಾಗಾದರೆ ನನ್ನ ಜೊತೆ ಹೂಡಿಗೆ ಬನ್ನಿ. ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪಿ.ಜಿ. ಅದರಲ್ಲೊಂದು ಕೋಣೆ, ನಾಲ್ವರು ಹುಡುಗರು. ಇಬ್ಬರು ಐ.ಟಿ.ಪಿ.ಎಲ್. ಕಡೆ ಆಫೀಸಿಗೆ ಹೋಗುವವರು, ಒಬ್ಬ ಫ್ಯಾಕ್ಟರಿ ಕೆಲಸದವನು, ಇನ್ನೊಬ್ಬ ಫುಡ್ ಡೆಲಿವರಿಯವನು. ನಾಲ್ವರೂ ಫಸ್ಟ್ ಡೇ ಫಸ್ಟ್ ಶೋ ಗಿರಾಕಿಗಳು! ಚಂದಾ ಹಾಕಿಕೊಂಡು ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 5 ಒಂದನ್ನು ಕೊಂಡಿದ್ದಾರೆ. ಒಂದು ಭಾನುವಾರ ಅವರ ಜೊತೆ ಚಾಪೆ ಮೇಲೆ ಕೂತೆ.

"ಹೊಸ ಗೇಮಿಗೆ ಎಷ್ಟಪ್ಪಾ ಬೆಲೆ?" ಎಂದೆ.

"ದೊಡ್ಡ ಗೇಮ್ ಅಂದ್ರೆ ಐದು ಸಾವಿರದ ಹತ್ರ ಹತ್ರ ಸಾರ್. ನಾಲ್ಕು ಜನ ಸೇರಿ ಹಾಕಿದ್ರೆ ಒಂದು. ಒಂದೇ ತಿಂಗಳಲ್ಲಿ ಎರಡು ಬಂದ್ರೆ ಎರಡನೇದಕ್ಕೆ ನಮಸ್ಕಾರ!" ಎಂದ ಫ್ಯಾಕ್ಟರಿ ಹುಡುಗ.

ಡೆಲಿವರಿಯವನು ಮಧ್ಯೆ ಬಾಯಿ ಹಾಕಿದ. "ದುಡ್ಡು ಬಿಡಿ ಸಾರ್, ಟೈಮ್ ಎಲ್ಲಿದೆ? ಸಿನಿಮಾ ಆದ್ರೆ ಶುಕ್ರವಾರ ಒಂದು, ಭಾನುವಾರ ಒಂದು ನೋಡ್ಬಿಡ್ತೀವಿ. ಗೇಮ್ ಹಂಗಲ್ಲ. ಐವತ್ತು ಗಂಟೆ ಬೇಕು. ದಿನಾ ಎರಡು ಗಂಟೆ ಆಡಿದ್ರೂ ಒಂದು ತಿಂಗಳು ಹಿಡಿಯುತ್ತೆ."

ನೋಡಿದಿರಾ? ಕೋಟಿಗಟ್ಟಲೆ ಸುರಿಯುವ ಕಂಪನಿಗಳು ತಲೆ ಕೆಡಿಸಿಕೊಳ್ಳುವ ಲೆಕ್ಕವನ್ನು ಹುಡುಗರು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಎರಡು ದೊಡ್ಡ ಚಿತ್ರ ಒಂದೇ ವಾರ ಬಂದರೆ ಎರಡೂ ಬದುಕಬಹುದು. ಎರಡು ದೊಡ್ಡ ಗೇಮ್ ಒಟ್ಟಿಗೆ ಬಂದರೆ ಒಂದಕ್ಕೆ ಪೆಟ್ಟು ಗ್ಯಾರಂಟಿ! ಜೊತೆಗೆ ಪೂರ್ತಿ ಬೆಲೆಗೆ ಮಾರಾಟವಾಗುವುದೇ ಮೊದಲ ಕೆಲವು ವಾರ. ಆಮೇಲೆ ಶುರುವಾಗುವುದು ರಿಯಾಯಿತಿ.

ಅಣ್ಣನೇ ತಮ್ಮನ ದಾರಿಗೆ ಅಡ್ಡ!

2016ರ ಒಂದು ಕಥೆ ಕೇಳಿ. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಅಕ್ಟೋಬರ್ 21ಕ್ಕೆ 'ಬ್ಯಾಟಲ್‌ಫೀಲ್ಡ್ 1' ಬಿಡುಗಡೆ ಮಾಡಿತು. ಸರಿಯಾಗಿ ಒಂದು ವಾರಕ್ಕೆ, ಅಕ್ಟೋಬರ್ 28ಕ್ಕೆ, ಅದೇ ಬ್ಯಾನರಿನಿಂದ 'ಟೈಟನ್‌ಫಾಲ್ 2'. ಅದೂ ಗುಂಡು ಹಾರಿಸುವ ಆಟ, ಇದೂ ಗುಂಡು ಹಾರಿಸುವ ಆಟ! ಸಾಲದೆಂದು ನವೆಂಬರ್ 4ಕ್ಕೆ ಎದುರಾಳಿ ಕಂಪನಿಯ 'ಕಾಲ್ ಆಫ್ ಡ್ಯೂಟಿ'. ಎಡಕ್ಕೊಂದು ಆನೆ, ಬಲಕ್ಕೊಂದು ಆನೆ, ನಡುವೆ ಟೈಟನ್‌ಫಾಲ್! ವಿಮರ್ಶಕರು ಹಾಡಿ ಹೊಗಳಿದರು. ಆಡಿದವರು ಸೈ ಅಂದರು. ಮಾರಾಟ ಮಾತ್ರ ನಿರೀಕ್ಷೆ ಮುಟ್ಟಲಿಲ್ಲ. ತಿಂಗಳೊಳಗೇ ರಿಯಾಯಿತಿ ಮಾರಾಟಕ್ಕೆ ಬಂದು ನಿಂತಿತು.

ಕ್ಲೈಮ್ಯಾಕ್ಸ್ ಇನ್ನೂ ಇದೆ! ಅದೇ ತಂಡದವರು 2019ರ ಫೆಬ್ರವರಿ 4ರಂದು, ಟೀಸರ್ ಇಲ್ಲದೆ, ಟ್ರೈಲರ್ ಇಲ್ಲದೆ, ಅದೇ ಟೈಟನ್‌ಫಾಲ್ ಲೋಕದ ಮತ್ತೊಂದು ಆಟವನ್ನು ಏಕಾಏಕಿ ಪುಕ್ಕಟೆ ಬಿಟ್ಟರು. ಹೆಸರು 'ಅಪೆಕ್ಸ್ ಲೆಜೆಂಡ್ಸ್'. ಆ ವಾರ ಎದುರಿಗೆ ಆನೆ ಇರಲಿಲ್ಲ, ಜೇಬಿಗೂ ಭಾರವಿಲ್ಲ. ಒಂದೇ ವಾರದಲ್ಲಿ ಎರಡೂವರೆ ಕೋಟಿ ಜನ ಆಡಿದರು, ತಿಂಗಳಿಗೆ ಐದು ಕೋಟಿ. ಕಲಾವಿದರು ಅವರೇ, ಕೈಚಳಕ ಅದೇ. ಬದಲಾದದ್ದು ತಾರೀಖು ಮತ್ತು ಬೆಲೆ!

ಹಬ್ಬಕ್ಕೆ ಓಡಿ ಬಂದು ಗುಂಡಿಗೆ ಬಿದ್ದದ್ದು

ಹಾಗಾದರೆ ಒಳ್ಳೆ ತಾರೀಖು ಸಿಕ್ಕರೆ ಸಾಕೇ? ಸಾಲದು ಸ್ವಾಮಿ! ಸ್ಪೀಲ್‌ಬರ್ಗ್ ಅವರ 'ಇ.ಟಿ.' ಚಿತ್ರ 1982ರ ಜೂನಿನಲ್ಲಿ ಬಂದು ಜಗತ್ತನ್ನೇ ಗೆದ್ದಿತು. ಅಟಾರಿ ಕಂಪನಿ ಅದರ ಗೇಮ್ ಹಕ್ಕು ಕೊಂಡಿತು. ಆ ವರ್ಷದ ಕ್ರಿಸ್‌ಮಸ್ಸಿಗೇ ಅಂಗಡಿಯಲ್ಲಿರಬೇಕೆಂದು ಹಠ. ಗೇಮ್ ಮಾಡಲು ಸಿಕ್ಕಿದ್ದು ಸುಮಾರು ಐದೇ ವಾರ! ತಾರೀಖಿಗೆ ಬಂತು ನಿಜ. ಹೆಸರು ನೋಡಿ ಕೊಂಡವರು ಆಡಿ ನೋಡಿ ಶಾಪ ಹಾಕಿದರು. ಅಂಗಡಿಗಳಲ್ಲಿ ಮಾಲು ರಾಶಿ ಬಿತ್ತು. 1983ರಲ್ಲಿ ಅಟಾರಿ ತನ್ನ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. 2014ರಲ್ಲಿ ಅಗೆದಾಗ 'ಇ.ಟಿ.' ಡಬ್ಬಿಗಳು ಮಣ್ಣಿನಿಂದ ಎದ್ದು ಬಂದವು!

ಮುಂದೂಡಿದ ಮಾತ್ರಕ್ಕೂ ಗೆಲುವಿಲ್ಲ. ಪೋಲೆಂಡಿನ 'ಸೈಬರ್‌ಪಂಕ್ 2077' ಮೊದಲು 2020ರ ಏಪ್ರಿಲ್ 16ಕ್ಕೆ ಎಂದಿತ್ತು. ಅಲ್ಲಿಂದ ಸೆಪ್ಟೆಂಬರ್, ಅಲ್ಲಿಂದ ನವೆಂಬರ್, ಕೊನೆಗೆ ಡಿಸೆಂಬರ್ 10. ಮೊದಲ ಹತ್ತು ದಿನದಲ್ಲಿ 1 ಕೋಟಿ 30 ಲಕ್ಷ ಪ್ರತಿ ಖರ್ಚಾದವು. ಆದರೆ ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ಆಟ ಮುಗ್ಗರಿಸಿತು. ಸೋನಿ ಕಂಪನಿ ದುಡ್ಡು ವಾಪಸು ಕೊಡುತ್ತೇವೆಂದು ಸಾರಿ, ಡಿಸೆಂಬರಿನಲ್ಲೇ ತನ್ನ ಅಂಗಡಿಯಿಂದ ಆಟವನ್ನು ತೆಗೆದು ಹಾಕಿತು. ವಾಪಸು ಬಂದದ್ದು ಆರು ತಿಂಗಳಾದ ಮೇಲೆ! ವರ್ಷಗಟ್ಟಲೆ ರಿಪೇರಿ ಮಾಡಿದ ಮೇಲಷ್ಟೇ ಹೋದ ಮಾನ ಮರಳಿತು.

ಬೆಂಗಳೂರಿಗೂ ನಂಟು!

ಈಗ ಎಲ್ಲರ ಬಾಯಲ್ಲಿರುವ ಹೆಸರಿಗೆ ಬರೋಣ. ಜಿ.ಟಿ.ಎ.! ಇದರ ಒಡೆಯರಾದ ರಾಕ್‌ಸ್ಟಾರ್ ಗೇಮ್ಸ್‌ನವರಿಗೆ ನಮ್ಮ ಬೆಂಗಳೂರಿನಲ್ಲೂ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲೇ ಹುಟ್ಟಿದ ಧ್ರುವ ಇಂಟರ್ಯಾಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡವರೂ ಅವರೇ.

ಐದನೇ ಜಿ.ಟಿ.ಎ. 2013ರ ವಸಂತಕ್ಕೆ ಬರಬೇಕಿತ್ತು. ಸೆಪ್ಟೆಂಬರ್ 17ಕ್ಕೆ ಮುಂದೂಡಿದರು. ಅಭಿಮಾನಿಗಳು ಬೈದರು. ಬಂದ ಮೇಲೆ? ಮೂರೇ ದಿನದಲ್ಲಿ ನೂರು ಕೋಟಿ ಡಾಲರ್ ವ್ಯಾಪಾರ! ಆರನೆಯದು 2025ಕ್ಕೆ ಎಂದಿದ್ದದ್ದು 2026ರ ಮೇ 26ಕ್ಕೆ ಹೋಯಿತು. 2025ರ ನವೆಂಬರಿನಲ್ಲಿ ಮತ್ತೆ ಬದಲಿಸಿ 2026ರ ನವೆಂಬರ್ 19 ಎಂದು ಸಾರಿದರು. ಕಂಪನಿಯ ಷೇರು ಇಳಿಯಿತು. ಆದರೆ ನವೆಂಬರ್ ಅಂದರೆ ಅಮೆರಿಕದವರಿಗೆ ನಮ್ಮ ದಸರಾ ದೀಪಾವಳಿ ಇದ್ದ ಹಾಗೆ. ಥ್ಯಾಂಕ್ಸ್‌ಗಿವಿಂಗಿನಿಂದ ಕ್ರಿಸ್‌ಮಸ್‌ವರೆಗೆ ಕೊಳ್ಳುವವರ ಜಾತ್ರೆ. ಆನೆ ಬರುತ್ತದೆಂದು ಗೊತ್ತಾದರೆ ಮಿಕ್ಕವರೆಲ್ಲ ತಮ್ಮ ಕ್ಯಾಲೆಂಡರ್ ತಿರುವಿ ಹಾಕಬೇಕು!

ಪಿ.ಜಿ. ಹುಡುಗರಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದವನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವನು. ಗೇಮಿನ ಕಂಪನಿ ಅಲ್ಲ, ಬೇರೆಯದು. ಅವನೆಂದ: "ಸಾರ್, ಡೇಟ್ ಅನೌನ್ಸ್ ಮಾಡೋರು ಒಬ್ರು, ನಿದ್ದೆ ಬಿಡೋರು ಇನ್ನೊಬ್ರು. ಡೇಟ್ ಹತ್ರ ಬಂದ್ರೆ ನಮಗೆ ಮನೆ ಇಲ್ಲ, ಊಟ ಇಲ್ಲ. ಪೋಸ್ಟ್‌ಪೋನ್ ಆಯ್ತು ಅಂತ ಇವ್ರು ಮೂರು ಜನ ಬೈತಾರೆ. ನಾನು ಮಾತ್ರ ಬೈಯಲ್ಲ."

ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಅಭಿಮಾನಿ ಮಿತ್ರರೇ, ನನ್ನ ಮಾತು ಇಷ್ಟೆ. ತಾರೀಖು ತರುವುದು ಮೊದಲ ವಾರದ ಜನವನ್ನು. ಎರಡನೇ ವಾರದ ಹೌಸ್‌ಫುಲ್ ಬೋರ್ಡನ್ನು ತರಬೇಕಾದದ್ದು ಕೆಲಸ. ಮುಂದೂಡಿದರು ಅಂತ ಪೋಸ್ಟರಿಗೆ ಸಗಣಿ ಎರಚಬೇಡಿ. ತಾರೀಖಿಗೆ ಹೆದರಿ ಅರೆಬೆಂದ ಮಾಲು ಬಡಿಸಿದವರನ್ನು ಕೇಳಿ. ಮಾರುವವರು ಹಬ್ಬ ನೋಡುತ್ತಾರೆ, ಎದುರಾಳಿಯನ್ನು ನೋಡುತ್ತಾರೆ, ಆಟ ಕೈಗೆ ಬರುವ ಮೊದಲೇ ನಿಮ್ಮ ಅಡ್ವಾನ್ಸನ್ನೂ ನೋಡುತ್ತಾರೆ. ನೀವೂ ನೋಡಿ. ಮೊದಲ ದಿನ ಆಡಿದವರು ಏನಂದರು ಕೇಳಿ, ಒಂದು ವಾರ ತಡೆಯಿರಿ.

ಐದು ಸಾವಿರದಲ್ಲಿ ನಿಮ್ಮ ಪಾಲು ಸಾವಿರದ ಇನ್ನೂರೈವತ್ತು. ಆ ದುಡ್ಡಿಗೂ ಒಂದು ಬಿಡುಗಡೆ ತಾರೀಖಿದೆ ಸ್ವಾಮಿ. ಅದನ್ನು ಗೊತ್ತು ಮಾಡುವವರು ಮಾತ್ರ ನೀವೇ! ಏನಂತೀರಿ?