ಬಂಡೆ ಕರಡಿಗೆ, ಬೆಟ್ಟ ಲಾರಿಗೆ

ದರೋಜಿಯ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಮಧ್ಯಾಹ್ನವೇ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಸಂದಿಗಳಿಂದ ಕರಡಿಗಳು ಹೊರಬಿದ್ದು ನೆಕ್ಕತೊಡಗುತ್ತವೆ. ಕೆಲವು ತಾಯಿಕರಡಿಗಳ ಬೆನ್ನಿಗೆ ಮರಿಗಳು ಅಂಟಿಕೊಂಡಿರುತ್ತವೆ. ಕರಡಿಗೆಂದೇ 1994ರಲ್ಲಿ ಘೋಷಣೆಯಾದ ಈ ಧಾಮ ಮುಂದೆ ವಿಸ್ತರಣೆಗೊಂಡು ಈಗ ಸುಮಾರು 82 ಚದರ ಕಿಲೋಮೀಟರ್ ಇದೆ.

ಇಲ್ಲಿನ ಕಲ್ಲು ಗ್ರಾನೈಟು. ಕಬ್ಬಿಣ ಇರುವುದು ಸಂಡೂರಿನ ಬೆಟ್ಟಸಾಲಿನಲ್ಲಿ. ಅದಿರಿಲ್ಲದ ಬಂಡೆಗೆ ಅಭಯ ಸಿಕ್ಕಿತು, ಅದಿರಿದ್ದ ಕಾಡಿಗೆ ಗಣಿ ಗುತ್ತಿಗೆಯ ಪತ್ರ. ಯಾರೋ ಕೂತು ಲೆಕ್ಕ ಹಾಕಿ ಹೀಗೆ ಮಾಡಿದರು ಎನ್ನಲಾರೆ. ನಕಾಶೆ ಮಾತ್ರ ಹಾಗೇ ಇದೆ.

ಸಂಡೂರಿನ ದೋಣಿಮಲೈಯಲ್ಲಿ ಸರ್ಕಾರಿ ಗಣಿ ಶುರುವಾದದ್ದು 1977ರಲ್ಲಿ. ಬೆಟ್ಟಗಳಿಗೆ ನಿಜವಾದ ಕೇಡುಗಾಲ ಬಂದದ್ದು 2003ರ ನಂತರ, ಚೀನಾದ ಉಕ್ಕಿನ ಹಸಿವಿನಿಂದ ಅದಿರಿನ ಬೆಲೆ ಗಗನಕ್ಕೇರಿದಾಗ. ಹೆದ್ದಾರಿ ಬದಿಯ ಮರಿಯಮ್ಮನಹಳ್ಳಿ ನಾಟಕದವರ ಊರು. ಅಲ್ಲೂ ಲಾರಿಗಳ ಸಾಲು, ರಸ್ತೆಯಂಚಿನ ಜೋಳದ ಗರಿಯ ಮೇಲೂ ಕೆಂಪು ಧೂಳು. ಹಗಲಿರುಳು ಸದ್ದಿರುವ ಬೆಟ್ಟದಲ್ಲಿ ಕರಡಿ ಗೆದ್ದಲ ಹುತ್ತ ಕೆದಕುವುದಾದರೂ ಎಲ್ಲಿ?

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಕದ ತಟ್ಟಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿಯೂ ಬಂತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿತ್ತು. ಗುತ್ತಿಗೆಯ ಗಡಿ ದಾಟಿ ಕಾಡು ಅಗೆದದ್ದು ಅಳತೆಯಲ್ಲಿ ಬಯಲಾಯಿತು. 2013ರ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಕ್ರಮ ಎಸಗಿದ 'ಸಿ' ವರ್ಗದ ಗುತ್ತಿಗೆಗಳೇ ರದ್ದಾದವು. ಉಳಿದವಕ್ಕೆ ಉತ್ಪಾದನೆಯ ಮಿತಿ ಬಂತು. 2022ರಲ್ಲಿ ಕೋರ್ಟೇ ಅದನ್ನು ಬಳ್ಳಾರಿಗೆ ವರ್ಷಕ್ಕೆ 35 ದಶಲಕ್ಷ ಟನ್‌ಗೆ ಏರಿಸಿತು.

ಅತ್ತ ಕುದುರೆಮುಖದಲ್ಲಿ ರಾಷ್ಟ್ರೀಯ ಉದ್ಯಾನ ಉಳಿಯಲೆಂದು ಇದೇ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತ್ತು. ಪಶ್ಚಿಮಘಟ್ಟ ಗೆದ್ದಿತೆಂದು ಸಂಭ್ರಮಿಸಿದೆವು, ಸಂಭ್ರಮಿಸಬೇಕಾದ್ದೇ. ಆದರೆ ಅಲ್ಲಿ ಅಗೆಯುತ್ತಿದ್ದ ಕಂಪನಿ, ಕೆಐಒಸಿಎಲ್, ಬದಲಿ ಅದಿರಿಗಾಗಿ ಬಂದದ್ದು ಸಂಡೂರಿನ ದೇವದಾರಿಗೆ: 401.57 ಹೆಕ್ಟೇರ್ ಅರಣ್ಯ, ಕಡಿಯಬೇಕಾದ ಮರಗಳು 99 ಸಾವಿರಕ್ಕೂ ಹೆಚ್ಚು. ಮಲೆನಾಡಿನ ಕಾಡಿಗೆ ಸಿಕ್ಕ ಮರ್ಯಾದೆ ಬಯಲುಸೀಮೆಯ ಕುರುಚಲಿಗೆ ಸಿಗಲಿಲ್ಲ.

2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ದೇವದಾರಿ ಗಣಿಯ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಆ ಕಾಡನ್ನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು.