ಮೊದಲು ಬಲ್ಬು, ಆಮೇಲೆ ಹಾಡು

ಅಟ್ಟದ ಮೇಲಿನ ಆಂಪ್ಲಿಫೈಯರ್ ಇಳಿಸಿ, ಧೂಳು ಕೊಡವಿ, ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಒತ್ತುವುದು: ಹಳೆಯ ಮರಾಂಟ್ಜ್, ಸಾನ್ಸುಯಿ ಸೆಟ್ಟುಗಳು ಕೆಡುವುದು ಹೆಚ್ಚಾಗಿ ಆ ಒಂದು ಕ್ಷಣದಲ್ಲೇ. ಬಹಳ ವರ್ಷ ಕರೆಂಟು ಕಾಣದ ಎಲೆಕ್ಟ್ರೋಲೈಟಿಕ್ ಕಂಡೆನ್ಸರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲಿನ ಆಕ್ಸೈಡ್ ಪದರ ಸವೆದಿರುತ್ತದೆ. ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಒಮ್ಮೆಲೇ ನುಗ್ಗಿಸಿದರೆ ಕಂಡೆನ್ಸರ್ ಉಬ್ಬಿ ಒಡೆಯುತ್ತದೆ, ಹೋಗುವಾಗ ಜೊತೆಗೆ ಇನ್ನೇನನ್ನೋ ಕರೆದುಕೊಂಡು ಹೋಗುತ್ತದೆ.

ಈ ಕಸುಬು ಬಲ್ಲವರ ಮೇಜಿನ ಮೇಲೆ ಅದಕ್ಕೇ ಒಂದು ಸೀರೀಸ್ ಬೋರ್ಡು ಇರುತ್ತದೆ. ಹಲಗೆ, ಹೋಲ್ಡರು, ಸಾಕೆಟ್ಟು, ಅಷ್ಟೇ. ಕರೆಂಟು ನೂರು ಕ್ಯಾಂಡಲ್ ಬಲ್ಬಿನ ಮೂಲಕ ಹಾದೇ ಸೆಟ್ಟಿಗೆ ಹೋಗಬೇಕು. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಫಕ್ಕನೆ ಬೆಳಗಿ ಮಂಕಾದರೆ ಸಮಾಧಾನ: ಕಂಡೆನ್ಸರುಗಳು ಚಾರ್ಜ್ ಆದವು, ಒಳಗೆ ಶಾರ್ಟ್ ಇಲ್ಲ. ಪೂರ್ತಿ ಬೆಳಕಿನಲ್ಲೇ ನಿಂತುಬಿಟ್ಟರೆ ಪ್ಲಗ್ ಕೀಳಬೇಕು. ಬಹುಪಾಲು ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿರುತ್ತದೆ. ಇದಕ್ಕೆ ತಂತಿಯ ಹಳೇ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ.

ಬಲ್ಬು ಒಪ್ಪಿತೆಂದು ತಕ್ಷಣ ಸ್ಪೀಕರ್ ಜೋಡಿಸುವಂತಿಲ್ಲ. ಸ್ಪೀಕರ್ ತಂತಿ ಕಟ್ಟುವ ಟರ್ಮಿನಲ್ಲುಗಳಿಗೆ ಮಲ್ಟಿಮೀಟರ್ ಹಿಡಿದು ಡಿಸಿ ಅಳೆಯಬೇಕು. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ವೋಲ್ಟುಗಟ್ಟಲೆ ಬಂದರೆ ಸ್ಪೀಕರಿನ ಕಾಯಿಲು ಸುಟ್ಟುಹೋಗುತ್ತದೆ. ಕೆಲವು ಸೆಟ್ಟುಗಳಲ್ಲಿ ಸ್ವಿಚ್ ಹಾಕಿ ನಾಲ್ಕೈದು ಸೆಕೆಂಡಿಗೆ ಸ್ಪೀಕರ್ ಕಾಯುವ ರಿಲೇ ‘ಟಕ್’ ಎನ್ನುತ್ತದೆ. ಸದ್ದು ಬಾರದಿದ್ದರೆ ರಿಲೇಯನ್ನೇ ತಪ್ಪಿಸಿ ನೇರ ತಂತಿ ಎಳೆಯುವ ಜಾಣರಿದ್ದಾರೆ. ಕಾವಲುಗಾರ ಬಾಗಿಲು ತೆಗೆಯಲಿಲ್ಲವೆಂದು ಅವನನ್ನೇ ಓಡಿಸಿದ ಹಾಗೆ.

ಇಲ್ಲಿಂದ ಮುಂದೆ ಕೆಲಸವೆಲ್ಲ ಕಿವಿಯದು. ಗುಂಯ್ ಎನ್ನುವ ಸದ್ದನ್ನೇ ನೋಡಿ. ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೂ ಹೋಗದಿದ್ದರೆ ಅನುಮಾನ ಪವರ್ ಸಪ್ಲೈ ಮೇಲೆ. ಸೋತ ಫಿಲ್ಟರ್ ಕಂಡೆನ್ಸರಿನ ಗುಂಯ್ ಸಾಮಾನ್ಯವಾಗಿ 100 ಹರ್ಟ್ಸಿನದು. ವಾಲ್ಯೂಮ್ ಜೊತೆ ಏರಿ ಇಳಿದರೆ ತಪ್ಪು ಹೊರಗಿನ ವೈರಿನಲ್ಲೋ ಅರ್ತಿನಲ್ಲೋ ಇದೆ, ಅದರ ಸದ್ದು 50 ಹರ್ಟ್ಸು. ಎರಡಕ್ಕೂ ನಡುವೆ ಸರಿಯಾಗಿ ಒಂದು ಸ್ಥಾಯಿಯ ಅಂತರ, ಹಾಗಾಗಿ ಸಂಗೀತ ಗೊತ್ತಿದ್ದವರಿಗೆ ಮೀಟರೇ ಬೇಡ. ಟರ್ನ್‌ಟೇಬಲ್ಲಿನಿಂದ ಹೊರಡುವ ಸಪೂರ ಅರ್ತ್ ವೈರನ್ನು ಆಂಪ್ಲಿಫೈಯರ್ ಹಿಂದಿನ ಸ್ಕ್ರೂಗೆ ಬಿಗಿಯದೆ, ‘ಸೆಟ್ಟೇ ಹೋಗಿದೆ’ ಎಂದು ಹೊತ್ತು ತರುವವರೂ ಕಡಿಮೆಯೇನಿಲ್ಲ. ಒಂದೇ ಕಡೆ ಹಾಡು ಬಂದರೆ ಆಂಪ್ಲಿಫೈಯರಿಗೆ ಹಾಡು ತರುವ ಎಡ–ಬಲದ ವೈರುಗಳನ್ನು ಅದಲುಬದಲು ಮಾಡಿ: ದೋಷವೂ ಆಚೆ ಕಡೆಗೆ ಹಾರಿದರೆ ಆಂಪ್ಲಿಫೈಯರ್ ನಿರಪರಾಧಿ.

ಟರ್ನ್‌ಟೇಬಲ್ಲನ್ನು ಆಕ್ಸ್ ತೂತಿಗೆ ಚುಚ್ಚಿ ‘ಸದ್ದು ಪೀಚಲು’ ಎನ್ನುವುದು ಇನ್ನೊಂದು ದೂರು. ಎಲ್‌ಪಿ ಕೊರೆಯುವಾಗ ತಗ್ಗಿನ ಸ್ವರ ಕುಗ್ಗಿಸಿ ಮೇಲಿನ ಸ್ವರ ಹಿಗ್ಗಿಸಿರುತ್ತಾರೆ. ಅದನ್ನು ತಿರುಗಿ ಸರಿಪಡಿಸುವ ಸರ್ಕ್ಯೂಟು ಫೋನೊ ತೂತಿನ ಹಿಂದಿದೆ, ಆಕ್ಸ್ ಹಿಂದಿಲ್ಲ.

ಅಮೆರಿಕದಿಂದ ನೆಂಟರು ತಂದ ಟರ್ನ್‌ಟೇಬಲ್ಲಿನದು ಬೇರೆಯೇ ಕತೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇಟ್ಟರೂ ಹಾಡು ಜೋಲುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸೀತು, ಅಲ್ಲಿಯ 60 ಹರ್ಟ್ಸ್ ಇಲ್ಲಿ 50 ಆಗಿರುವುದನ್ನು ಅದು ಸರಿಮಾಡದು. ಕರೆಂಟಿನ ತಾಳಕ್ಕೇ ತಿರುಗುವ ಮೋಟಾರಾದರೆ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತಬೇಕಾದ ತಟ್ಟೆ ಇಪ್ಪತ್ತೆಂಟನ್ನೂ ಮುಟ್ಟುವುದಿಲ್ಲ. ಐದು ಮನೆ ಶ್ರುತಿಯಲ್ಲಿ ಹಾಡಿದವರು ಮೂರು ಮನೆಗೆ ಇಳಿದುಬಿಡುತ್ತಾರೆ! ಮದ್ದು ಒಂದೇ, 50 ಹರ್ಟ್ಸಿನ ಪುಲ್ಲಿ ಹಾಕಿಸುವುದು. ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ತಯಾರಾಗುತ್ತಿದ್ದ ಗ್ಯಾರರ್ಡ್ 301ಕ್ಕೂ ಎರಡೂ ಬಗೆಯ ಪುಲ್ಲಿಗಳಿದ್ದವು. ಅದನ್ನು ಕೊಳ್ಳುವವರು ರಬ್ಬರ್ ಚಕ್ರವನ್ನೂ ನೋಡಬೇಕು. ಗೇರಿನಲ್ಲೇ ಬಿಟ್ಟು ಮರೆತ ಯಂತ್ರದಲ್ಲಿ ಅದು ಒಂದು ಕಡೆ ಚಪ್ಪಟೆಯಾಗಿ ದಡ್ ದಡ್ ಎನ್ನುತ್ತಿರುತ್ತದೆ. ಎಣ್ಣೆ ಹಾಕುವ ಬಗೆಯ ಬೇರಿಂಗಾದರೆ ಹಗುರವಾದ ಮೆಷಿನ್ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ.

ಮಂಗಳೂರು, ಉಡುಪಿ ಕಡೆ ಗಲ್ಫಿನಿಂದ ಬಂದ ವಿಸಿಆರುಗಳಿಗೆ ಶತ್ರು ಕರೆಂಟಲ್ಲ, ಮಳೆಗಾಲ. ಟೇಪಿಗೆ ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕಲೇಬೇಡಿ. ಅದು ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಒಳಗಿನ ಬೆಲ್ಟು ಕರಗಿ ಡಾಂಬರಿನಂತಾಗಿರುವುದೂ ಮಾಮೂಲಿ.

ಎಲ್ಲ ಕಂಡೆನ್ಸರುಗಳನ್ನೂ ಕಿತ್ತು ಹೊಸತು ಹಾಕಿಸುವ ಫ್ಯಾಷನ್ ಈಗ ಜೋರು. ನನಗದು ಹಿಡಿಸದು. ಅಳೆದಾಗ ಗಟ್ಟಿಯಾಗಿರುವ ಜಪಾನಿ ಕಂಡೆನ್ಸರ್ ತೆಗೆದು ಊರು ಹೆಸರಿಲ್ಲದ್ದನ್ನು ಹಾಕಿದರೆ ಯಾರಿಗೆ ಲಾಭ? ನಕಲಿ ಪವರ್ ಟ್ರಾನ್ಸಿಸ್ಟರುಗಳ ಕಾಟವಂತೂ ಇದ್ದೇ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗ ಅಂಗಡಿಗಿಂತ ಅಂಗಡಿಯವರ ಪರಿಚಯ ಮುಖ್ಯ.

ವಾಲ್ವ್ ಸೆಟ್ಟಿನವರಿಗೆ ಬೆಂಗಳೂರಿನ ಮೇಲೆ ವಿಶೇಷ ಪ್ರೀತಿ ಇರಬೇಕು. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್ ಮುಂದೆ ರೇಡಿಯೊ ವಾಲ್ವುಗಳನ್ನೂ ತಯಾರಿಸಿತು. ಬಳಸದೆ ಪೆಟ್ಟಿಗೆಯಲ್ಲೇ ಉಳಿದ ಅದರ ಇಸಿಸಿ83, ಇಎಲ್84 ವಾಲ್ವುಗಳನ್ನು ಹುಡುಕುವವರು ಹೊರದೇಶಗಳಲ್ಲೂ ಇದ್ದಾರೆ. ಸ್ಪೀಕರ್ ಜೋಡಿಸದೆ ವಾಲ್ವ್ ಸೆಟ್ಟಿಗೆ ಹಾಡು ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ಕುತ್ತು. ಪ್ಲಗ್ ಕಿತ್ತ ಮೇಲೂ ಒಳಗೆ ಮುನ್ನೂರು ವೋಲ್ಟಿನಷ್ಟು ಉಳಿದಿರಬಹುದು, ಆದ್ದರಿಂದ ಮುಚ್ಚಳ ತೆಗೆಯುವ ಕೆಲಸವನ್ನು ಬಲ್ಲವರಿಗೇ ಬಿಡಿ.