ಕುಣಿಯುವವನೇ ಅತಿಥಿ

ಜನಪದ ಕುಣಿತವು ದೇವರಿಗೆ ಸಲ್ಲುವ ಸೇವೆಯೋ ಅಥವಾ ನೋಡಬಂದವರಿಗೆ ಒದಗಿಸುವ ಮನರಂಜನೆಯೋ ಎಂಬ ಪ್ರಶ್ನೆ ಹೊಸದೇನಲ್ಲ. ಆದರೆ ಪ್ರವಾಸವು ಒಂದು ಉದ್ಯಮವಾಗಿ ಬೆಳೆದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಹೈದರಾಬಾದಿನ ಮಾದಾಪುರದಲ್ಲಿರುವ ಶಿಲ್ಪಾರಾಮವು ಅದಕ್ಕೆ ಸಮೀಪದ ನಿದರ್ಶನ. 1992ರಲ್ಲಿ ಕರಕುಶಲ ಗ್ರಾಮವಾಗಿ ರೂಪುಗೊಂಡ ಈ ಆವರಣದಲ್ಲಿ ಕರಕುಶಲ ವಸ್ತುಗಳ ಮಳಿಗೆಗಳ ಜತೆಗೆ ಬಯಲು ರಂಗಮಂದಿರವೂ ಇದೆ. ಸಂಕ್ರಾಂತಿಯ ದಿನಗಳಲ್ಲಿ ಇಲ್ಲಿಗೆ ಬರುವ ಗಂಗಿರೆದ್ದುಗಳನ್ನು ಕಂಡಾಗ ಕನ್ನಡಿಗರಿಗೆ ತಮ್ಮೂರಿನ ಕೋಲೆಬಸವನ ನೆನಪಾಗುವುದು ಸಹಜ.

ತೆಲಂಗಾಣದ ಕುಣಿತಗಳ ಪೈಕಿ ಹಳೆಯ ಆದಿಲಾಬಾದ್ ಜಿಲ್ಲೆಯ ರಾಜಗೊಂಡರ ಗುಸ್ಸಾಡಿ ವಿಶಿಷ್ಟವಾದುದು. ದೀಪಾವಳಿಯ ಸುಮಾರಿಗೆ ನಡೆಯುವ ದಂಡಾರಿ ಹಬ್ಬದಲ್ಲಿ ನರ್ತಕರು ನವಿಲುಗರಿಗಳ ದೊಡ್ಡ ಕಿರೀಟವನ್ನು ಧರಿಸಿ, ಮೈಗೆ ಬೂದಿ ಬಳಿದು, ಕೈಯಲ್ಲಿ ಕೋಲು ಹಿಡಿದು ಕುಣಿಯುತ್ತಾರೆ. ಕಿರೀಟಕ್ಕೆ ಪೂಜೆ ಸಲ್ಲುತ್ತದೆ. ವ್ರತ ಹಿಡಿದವರು ಹಬ್ಬ ಮುಗಿಯುವ ತನಕ ಸ್ನಾನ ಮಾಡುವುದಿಲ್ಲ. ತಂಡವು ಒಂದು ಊರಿನಿಂದ ಮತ್ತೊಂದು ಊರಿಗೆ ಸಾಗುತ್ತದೆ. ಆ ಊರಿನವರು ಅದನ್ನು ಎದುರುಗೊಂಡು ಸತ್ಕರಿಸುತ್ತಾರೆ. ಅಲ್ಲಿ ಕುಣಿಯುವವನೇ ಅತಿಥಿ. ನಗರದ ರಂಗದಲ್ಲಾದರೋ ಟಿಕೆಟು ಕೊಂಡು ಬಂದವನು ಅತಿಥಿ. ಕುಣಿಯುವವನು ಕರೆದಾಗ ಬಂದು, ಗಂಟೆ ಮುಗಿದೊಡನೆ ಇಳಿದುಹೋಗುವ ಕೆಲಸಗಾರ. ಹೆಜ್ಜೆ ಬದಲಾಗದಿದ್ದರೂ ಸಂಬಂಧ ತಿರುವುಮುರುವಾಗುತ್ತದೆ.

ಹಾಗೆಂದು ರಂಗವನ್ನು ದೂರಿ ಸುಮ್ಮನಾಗುವಂತಿಲ್ಲ. ಮಾರ್ಲವಾಯಿ ಗ್ರಾಮದ ಕನಕರಾಜು ಅವರು ಗುಸ್ಸಾಡಿಯನ್ನು ತಮ್ಮ ಜನಾಂಗದ ತರುಣರಿಗೆ ಕಲಿಸಿ, ಊರಾಚೆಯ ವೇದಿಕೆಗಳಿಗೂ ಕೊಂಡೊಯ್ದರು. 2021ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2024ರಲ್ಲಿ ಅವರು ತೀರಿಕೊಂಡರು. ಕಾಡಿನಂಚಿನ ಆ ಕುಣಿತದ ಹೆಸರನ್ನು ದೇಶವು ಅರಿತದ್ದು ವೇದಿಕೆಯ ಮೂಲಕವೇ.

ದೂರದ ಮೆಕ್ಸಿಕೋ ದೇಶದಲ್ಲಿಯೂ ಇದೇ ಸಮಸ್ಯೆ ಇದೆ. ಅಲ್ಲಿನ ಪಾಪಾಂಟ್ಲಾ ಪ್ರದೇಶದ ತೊತೊನಾಕ್ ಜನರ 'ವೊಲಾದೋರ್' ಆಚರಣೆಯಲ್ಲಿ ಐವರು ಎತ್ತರದ ಕಂಬವನ್ನು ಏರುತ್ತಾರೆ. ಒಬ್ಬನು ತುದಿಯಲ್ಲಿ ಕೊಳಲು ಮತ್ತು ಪುಟ್ಟ ಡೋಲು ನುಡಿಸುತ್ತಾನೆ. ಉಳಿದ ನಾಲ್ವರು ಹಗ್ಗ ಬಿಗಿದುಕೊಂಡು ಸುತ್ತುತ್ತ ನೆಲಕ್ಕಿಳಿಯುತ್ತಾರೆ. ಒಬ್ಬೊಬ್ಬನಿಗೆ 13 ಸುತ್ತುಗಳಂತೆ ಒಟ್ಟು 52. ಅದು ಅಲ್ಲಿನ ಪ್ರಾಚೀನ ಪಂಚಾಂಗದ ವರ್ಷಚಕ್ರ. ಸಂಪ್ರದಾಯದಂತೆ ಕಂಬಕ್ಕಾಗಿ ಮರ ಕಡಿಯುವ ಮೊದಲು ಬೆಟ್ಟದ ದೇವತೆಯ ಕ್ಷಮೆ ಕೋರಬೇಕು. ಪ್ರವಾಸಿಗಳಿಗಾಗಿ ಕಾಯಂ ಲೋಹದ ಕಂಬ ನೆಟ್ಟಲ್ಲಿ ಕ್ಷಮೆ ಕೋರುವ ಪ್ರಸಂಗವೇ ಇಲ್ಲ! ಯುನೆಸ್ಕೋ ಸಂಸ್ಥೆಯು 2009ರಲ್ಲಿ ಈ ಆಚರಣೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಬಾಲಕರಿಗೆ ಹಾರುವುದರ ಜತೆಗೆ ಅದರ ಅರ್ಥವನ್ನೂ ಕಲಿಸುವ ಶಾಲೆಗಳಿವೆ ಎಂಬುದು ಸಮಾಧಾನದ ಸಂಗತಿ.

ಕನ್ನಡ ನಾಡಿನ ಅನುಭವವೂ ಭಿನ್ನವಲ್ಲ. ಬೀರೇಶ್ವರನ ಸೇವೆಗಾಗಿ ಮೊಳಗಿದ ಡೊಳ್ಳು ಇಂದು ಸಭೆ ಮೆರವಣಿಗೆಗಳಲ್ಲಿಯೂ ಮೊಳಗುತ್ತದೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ಇಂಥ ಕಲೆಗಳಿಗೆ ಆಶ್ರಯವಾಯಿತು. ಯಕ್ಷಗಾನವು ನಗರಗಳಲ್ಲಿ ಎರಡು ಮೂರು ಗಂಟೆಗೆ ಕುಗ್ಗಿದ್ದರೂ ಕರಾವಳಿಯಲ್ಲಿ ಹರಕೆಯಾಟಗಳು ನಿಂತಿಲ್ಲ. ಆದ್ದರಿಂದಲೇ ಅದರ ಜೀವ ಬತ್ತಿಲ್ಲ.

ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಊರಿನ ಹಬ್ಬವೇ ಅಸಲು, ವೇದಿಕೆಯ ಪ್ರದರ್ಶನ ಅದರ ಬಡ್ಡಿ. ಬಡ್ಡಿಯನ್ನು ಉಣ್ಣುವುದು ತಪ್ಪಲ್ಲ. ಆದರೆ ಹಬ್ಬದ ದಿನವೇ ಕಲಾವಿದನನ್ನು ಊರಿನಿಂದ ಎಳೆದು ತಂದರೆ ಅಸಲಿಗೇ ಕೈ ಹಾಕಿದಂತಾಗುತ್ತದೆ.

ಹೊರನಾಡಿನ ಕನ್ನಡ ಸಂಘಗಳೂ ವಾರ್ಷಿಕೋತ್ಸವಕ್ಕೆ ಡೊಳ್ಳಿನ ತಂಡವನ್ನೋ ವೀರಗಾಸೆಯ ತಂಡವನ್ನೋ ಕರೆಸುವುದುಂಟು. ಆಗ ಕುಣಿತ ಯಾವ ದೇವರದು, ತಂಡ ಯಾವ ಊರಿನದು ಎಂದು ಮಕ್ಕಳಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಭಾರದ ವಾದ್ಯ ಹೊತ್ತು ಬರಿಗಾಲಿನಲ್ಲಿ ಕುಣಿಯುವವರಿಗೆ ನೆರಳು, ನೀರು, ವಿರಾಮ ಒದಗಿಸಬೇಕು. ಸಂಭಾವನೆ ಅಂದೇ ಸಲ್ಲಬೇಕು. ಊಟಕ್ಕೆ ಅವರನ್ನು ಮೊದಲ ಪಂಕ್ತಿಯಲ್ಲಿಯೇ ಕೂರಿಸಬೇಕು. ಅಷ್ಟಾದರೆ ಕುಣಿಯುವವನು ಈ ಮಹಾನಗರದಲ್ಲಿಯೂ ಒಂದು ದಿನದ ಮಟ್ಟಿಗಾದರೂ ಅತಿಥಿಯಾಗಿ ಉಳಿದಾನು.